ಮಕ್ಕಳ ತಲೆ ಮುಟ್ಟಿದ ನರಿ

ಒಂದಾನೊಂದು ಸೀಮೆಯಲ್ಲಿ ಒಂದು ಹಟ್ಟಿ ಇತ್ತು ಮಕ್ಕಳೇ. ಹಟ್ಟಿಯೆಂದರೆ ಹತ್ತು ಗುಡಿಸಲು, ಮುನ್ನೂರು ಮೇಕೆ. ಅಲ್ಲಿ ಮನುಷ್ಯರಿಗಿಂತ ಮೇಕೆಗಳ ಮಾತೇ ಜಾಸ್ತಿ.

ವರ್ಷಾ ವರ್ಷ ಮೊದಲ ಮಳೆ ಬಿದ್ದು ಎಳೆಹುಲ್ಲು ಚಿಗುರಿತೋ, ಕರುಳುಬೇನೆ ಬರುತ್ತಿತ್ತು. ಚೆನ್ನಾಗಿ ಮೇಯುವ ಮೇಕೆಗಳೇ ಮೊದಲು ಹೋಗುತ್ತಿದ್ದವು. ಬೆಳಿಗ್ಗೆ ನೆಗೆದಾಡಿದ್ದು ಸಂಜೆಗೆ ಹೊಟ್ಟೆ ಉಬ್ಬಿ ಬಿದ್ದಿರುತ್ತಿತ್ತು. ಮುದಿಮೇಕೆ ಚುಕ್ಕಿಯ ಮೂರು ಮಕ್ಕಳೂ ಹಾಗೇ ಸತ್ತಿದ್ದವು. ಉಳಿದವಳು ಮೊಮ್ಮಗಳು ಕೆಂಪಿ ಒಬ್ಬಳೇ, ಅವಳೋ ಮಹಾ ಹೊಟ್ಟೆಬಾಕಿ. ಸತ್ತ ಮೇಕೆಗಳನ್ನು ಜನ ಹಳ್ಳಕ್ಕೆ ಎಸೆಯುತ್ತಿದ್ದರು. ಹಳ್ಳದಲ್ಲಿದ್ದ ನರಿಯಪ್ಪನ ಸಂಸಾರಕ್ಕೆ ಮಳೆಗಾಲವೆಲ್ಲ ಹಬ್ಬದೂಟ.

ಆ ವರ್ಷ ಮೇಕೆಗಳ ಒಡತಿ ಚಿಕ್ಕೀರಮ್ಮ, ಮಳೆಗೆ ಮುಂಚೆಯೇ ದನದ ಡಾಕ್ಟರನ್ನು ಕರೆಸಿ ಲಸಿಕೆ ಹಾಕಿಸುತ್ತೇನೆಂದಳು. ಸುದ್ದಿ ನರಿಯಪ್ಪನ ಕಿವಿಗೂ ಬಿತ್ತು, ಇನ್ನು ಹಬ್ಬದೂಟ ತಪ್ಪಿತಲ್ಲ ಎಂದುಕೊಂಡ.

ಸೋಮವಾರ ಬೇಲಿಯ ಹತ್ತಿರ ಬಂದು, ಸೂಜಿ ಚುಚ್ಚಿಸಿಕೊಂಡರೆ ಕೊಂಬು ಉದುರುತ್ತೆ ಎಂದ. ಹೋತಗಳು ಹೆದರಿದವು. ಮಂಗಳವಾರ ಬಂದು, ಕೆಚ್ಚಲು ಬತ್ತುತ್ತೆ ಎಂದ. ತಾಯಿಮೇಕೆಗಳು ಹೆದರಿದವು. ಬುಧವಾರ ಬಂದು, ಮೈಯೆಲ್ಲ ವಿಷವಾಗುತ್ತೆ ಎಂದ. ಹಟ್ಟಿಯೇ ನಡುಗಿತು.

ಚುಕ್ಕಿ ಮಾತ್ರ ಮೆಲುಕು ಹಾಕುತ್ತಾ ಕೇಳಿದಳು: "ನರಿಯಣ್ಣ, ನಿನ್ನ ಮಕ್ಕಳ ತಲೆ ಮುಟ್ಟಿ ಹೇಳ್ತೀಯಾ?"

ಅದಕ್ಕೇನಂತೆ ಎಂದು ನರಿಯಪ್ಪ ಹೆಂಡತಿ ಮಕ್ಕಳನ್ನು ಕರೆತಂದು, ತಲೆ ಮುಟ್ಟಿ ಆಣೆ ಇಟ್ಟು ಹೋದ.

ಆಮೇಲೆ ಚುಕ್ಕಿ ಮೇಕೆಗಳಿಗೆ ಹೇಳಿದಳು: "ನಾವು ಸತ್ತಾಗ ಒಂದು ದಿನಾನೂ ಅಳದೇ ಇದ್ದವನಿಗೆ, ಈಗ್ಯಾಕೆ ನಮ್ಮ ಮೇಲೆ ಇಷ್ಟು ಕರುಣೆ? ನಾನು ಮುಂದೆ ನಿಲ್ತೀನಿ, ಬನ್ನಿ."

ಗುರುವಾರ ಡಾಕ್ಟರು ಎಲ್ಲಕ್ಕೂ ಚುಚ್ಚಿದರು, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಚುಚ್ಚಿದರು. ಕೊಂಬೂ ಉದುರಲಿಲ್ಲ, ಕೆಚ್ಚಲೂ ಬತ್ತಲಿಲ್ಲ. ಮಳೆ ಬಂತು, ಎಳೆಹುಲ್ಲು ಬಂತು, ಬೇನೆ ಬರಲಿಲ್ಲ. ಕೆಂಪಿ ಹೊಟ್ಟೆ ಬಿರಿಯ ಮೇದು ಸಂಜೆಯೂ ನೆಗೆದಾಡಿದಳು. ಅವಳ ಮೈ ನೆಕ್ಕುತ್ತಾ ಚುಕ್ಕಿ ಸಂತೋಷಕ್ಕೆ ಅತ್ತೇಬಿಟ್ಟಳು.

ಹಳ್ಳಕ್ಕೆ ಏನೂ ಬೀಳಲಿಲ್ಲ. ಹಸಿದ ನರಿಯಪ್ಪ ಹಟ್ಟಿಯ ಮೇಕೆಮರಿಯೊಂದನ್ನು ಕದಿಯಲು ಹೊರಟ. ಹೆಂಡತಿ ಬಿಲದ ಬಾಯಿಗೆ ಅಡ್ಡ ನಿಂತಳು.

"ಆ ವಿಷದ ಮಾಂಸ ನನ್ನ ಮಕ್ಕಳಿಗೆ ತರ್ತೀಯಾ? ಅಥವಾ ಅವರ ತಲೆ ಮುಟ್ಟಿ ಸುಳ್ಳು ಹೇಳಿದ್ಯಾ?"

ವಿಷ ಎಂದರೂ ಕಷ್ಟ, ಸುಳ್ಳು ಎಂದರೂ ಕಷ್ಟ. ನರಿಯಪ್ಪ ಆ ಮಳೆಗಾಲವೆಲ್ಲ ಏಡಿ ಹಿಡಿದು ತಿಂದ.

ಅದಕ್ಕೇ ಮಕ್ಕಳೇ, ಪ್ರತಿ ವರ್ಷ ಮಳೆಗೆ ಮುಂಚೆ ಮೇಕೆಗಳಿಗೆ ಲಸಿಕೆ ಹಾಕಿಸಿ. ಬೇಡ ಅನ್ನುವವನು ಬಂದರೆ, ಮೇಕೆ ಸತ್ತರೆ ಯಾರ ಹೊಟ್ಟೆ ತುಂಬುತ್ತದೆ ಅಂತ ಮೊದಲು ನೋಡಿ.