ಬಾಟಲಿ ಸೇರಿದ ಗಂಡ

ಹಣ್ಣುನೊಣದ ಕಾಟ ತಡೆಯಲಾರದೆ ಸಣ್ಣತಾಯಮ್ಮ ಹಿತ್ತಲ ಸೀಬೆಮರಕ್ಕೆ ಮರುಳು ಹಿಡಿಸುವ ವಾಸನೆಯ ಬಾಟಲಿ ಕಟ್ಟಿದ್ದೇ ತಡ, ಗಂಡುನೊಣಗಳೆಲ್ಲ ಜೊಲ್ಲು ಸುರಿಸುತ್ತ ಅದರೊಳಗೆ ಬಿದ್ದವು. ಈ ಸಲ ನನ್ನ ಹಣ್ಣು ಉಳಿಯಿತು ಎಂದು ಮರ ಹಿಗ್ಗಿತು. ಅಷ್ಟರಲ್ಲಿ ಹೆಣ್ಣುನೊಣವೊಂದು ಬಂತು. ಕೊಂಬೆ ಕೊಡವಿ ಅದನ್ನು ಓಡಿಸುವುದು ಬಿಟ್ಟು ಮರ ಮಾತಿಗೆಳೆಯಿತು.

"ಏನಮ್ಮಾ, ನಿನ್ನ ಗಂಡ ಯಾವಳದೋ ವಾಸನೆ ಹಿಡಿದು ಬಾಟಲಿ ಸೇರಿದ್ದಾನಲ್ಲ, ಗೊತ್ತಾ?"

"ಅಯ್ಯೋ, ಹೌದಾ ಅಕ್ಕಾ? ಪೂರ್ತಿ ಹೇಳು, ಕೂತೇ ಕೇಳ್ತೀನಿ."

ನೊಣ ದಪ್ಪ ಹಣ್ಣೊಂದರ ಮೇಲೆ ಕೂತಿತು. ಮರ ಉಪ್ಪು ಖಾರ ಹಚ್ಚಿ ಹೇಳಿದ್ದೇ ಹೇಳಿದ್ದು. ಎಲ್ಲ ಕೇಳಿದ ಮೇಲೆ ನೊಣ ರೆಕ್ಕೆ ಒದರಿತು.

"ಬಿಡಕ್ಕಾ, ಅವನಿಂದ ಆಗಬೇಕಾದ್ದು ನನಗೆ ನಿನ್ನೆಯೇ ಆಗಿತ್ತು. ನೀನು ಕಥೆ ಹೇಳೋವಷ್ಟರಲ್ಲಿ ನಿನ್ನ ಹಣ್ಣೊಳಗೆ ಮೊಟ್ಟೆಯನ್ನೂ ಇಟ್ಟು ಮುಗಿಸಿದೆ."