ಮುಂಗುಸಿಯ ಹಸಿರು ಸಹಿ

ಒಂದು ಕಾಡಿನಲ್ಲಿ ಕೆರೆಯೂ ಒಂದೇ, ಅಧಿಕಾರಿಯೂ ಒಬ್ಬರೇ. ಅಧಿಕಾರಿ ಅಂದರೆ ಆನೆ ಭೀಮರಾಯರು. ಹಸಿರು ಶಾಯಿಯಲ್ಲಿ ಸಹಿ ಹಾಕುವ ಹಕ್ಕು ಇಡೀ ಕಾಡಿಗೆ ಅವರೊಬ್ಬರದೇ. ಹಸಿರು ಸಹಿ ಬಿತ್ತು ಅಂದರೆ 'ಇವನು ಒಳ್ಳೆಯವನು, ತಪ್ಪಿದರೆ ನಾನು ಹೊಣೆ' ಅಂತ ಅರ್ಥ. ಅದಕ್ಕೇ ಪಾಪ, ಅಷ್ಟು ದೊಡ್ಡ ಆನೆ ಅಷ್ಟು ಸಣ್ಣ ಪೆನ್ನು ಎತ್ತಲು ಹೆದರುತ್ತಿತ್ತು.

ಅವರ ಕೈಕೆಳಗೆ ಚೆನ್ನಿಗಪ್ಪ ಅನ್ನುವ ಮುಂಗುಸಿ ಗುಮಾಸ್ತನಾಗಿದ್ದ. ಗುಮಾಸ್ತನಿಗೆ ನೀಲಿ ಶಾಯಿ. ಕೆಲಸ ನೀಲಿಯದ್ದು, ಠೀವಿ ಮಾತ್ರ ಹಸಿರಿನದ್ದು. ಗುಡ್ಡದಾಚೆಯ ಮುಂಗುಸಿ ಮನೆತನದಲ್ಲಿ ಹೆಣ್ಣು ಕೇಳುವಾಗ ತಾನೇ ಅಧಿಕಾರಿ ಅಂತ ಬುರುಡೆ ಬಿಟ್ಟಿದ್ದ. ಹೆಣ್ಣು ಚೆಲುವೆ, ಅಪ್ಪನ ಬಿಲ ಏಳು ಬಾಗಿಲಿನದು, ನಿಜ ಹೇಳಲು ಬಾಯಾದರೂ ಹೇಗೆ ಬಂದೀತು? ಈಗ ಹೆಣ್ಣಿನ ಅಪ್ಪ ತಿಮ್ಮಣ್ಣ ಗಂಡಿನ ಮನೆ ನೋಡಲು ಹೊರಟಿದ್ದಾನೆ, ಹಸಿರು ಸಹಿ ಕಣ್ಣಾರೆ ಕಂಡ ಮೇಲೇ ಮಾತು ಕೊಡುತ್ತಾನೆ ಅಂತ ಸುದ್ದಿ ಬಂತು.

ಚೆನ್ನಿಗಪ್ಪನಿಗೆ ಅನ್ನ ಸೇರಲಿಲ್ಲ. ಪೊದೆಯ ಹಿಂದೆ ಕೂತು ಶಾಯಿ ಕಲಸತೊಡಗಿದ. ಹೊಂಗೆ ಎಲೆ ಹಿಂಡಿ ಪೆನ್ನಿಗೆ ತುಂಬಿದ. ಬರೆಯುವಾಗ ಹಸಿರು, ಒಣಗಿದ ಮೇಲೆ ಕಷಾಯ. ಬಸಳೆ ಹಣ್ಣು ಹಿಂಡಿದ. ಮದುವೆ ಸೀರೆಯಂಥ ನೇರಳೆ ಬಂತು, ಬಿಸಿಲಿಗೆ ಇಟ್ಟರೆ ಅದೂ ಓಡಿಹೋಯಿತು. ಪ್ರತಿ ಬಣ್ಣಕ್ಕೂ ನಿಬ್ಬನ್ನು ಬಾಲಕ್ಕೆ ಒರೆಸಿ ಒರೆಸಿ, ಬಾಲ ಹೋಳಿ ಆಡಿ ಬಂದ ಹಾಗಿತ್ತು. ಕೊನೆಗೆ ಆ ಪೆನ್ನು ತೊಳೆಯಲೂ ಬೇಜಾರಾಗಿ, ಕೆಲಸದ ಪೆನ್ನು ತೆಗೆದು ಅದರೊಳಗಿದ್ದ ನೀಲಿಯ ಮೇಲೇ ಅರಿಶಿನದ ನೀರು ಸುರಿದ. ಗೀಚಿ ನೋಡಿದರೆ ಹಸಿರು! ಸೋಮಾರಿತನದಲ್ಲಿ ಹುಟ್ಟಿದ ಕೂಸಿಗೆ ಜಾಣತನ ಅಂತ ಹೆಸರಿಟ್ಟುಕೊಂಡು ಬೀಗಿದ.

ತಿಮ್ಮಣ್ಣ ಬಂದ. ಜೊತೆಗೆ ಸಂಬಂಧ ಕುದುರಿಸಿದ ದಲ್ಲಾಳಿ, ಉಡ ಗೂಳಪ್ಪ. ಇವನ ನಾಲಿಗೆ ಎಷ್ಟು ಉದ್ದವೋ ಹೆಸರು ಅಷ್ಟೇ ಕೆಟ್ಟದ್ದು. ಮೊಟ್ಟೆಕಳ್ಳ ಅಂತ ಅವನನ್ನು ಕೆರೆ ಏರಿಯ ಗೂಡುಗಳ ಕಡೆ ಕಾವಲಿನವರು ಬಿಡುತ್ತಲೇ ಇರಲಿಲ್ಲ.

"ಅಳಿಯಂದಿರೇ, ಆ ಹಸಿರು ಸಹಿ ಒಂದ್ಸಲ ತೋರಿಸ್ತೀರಾ?" ಅಂದ ತಿಮ್ಮಣ್ಣ.

"ಅದಕ್ಕೇನು ಮಾವ, ದಿನಾ ಹಾಕಿ ಹಾಕಿ ಕೈಯೇ ನೋವು," ಅಂದ ಚೆನ್ನಿಗಪ್ಪ.

ಗೂಳಪ್ಪ ಒಣ ಮುತ್ತುಗದೆಲೆಯೊಂದನ್ನು ಮುಂದೆ ತಳ್ಳಿದ. "ಸುಮ್ಮನೆ ಯಾಕೆ ಎಲೆ ಹಾಳು ಮಾಡ್ತೀರಿ ಬುದ್ಧಿ? ನನಗೊಂದು ನಡತೆ ಪತ್ರ ಬರ್ಕೊಡಿ. ಸಂಬಂಧ ಕುದುರಿಸಿದ್ದಕ್ಕೆ ಬೇರೇನೂ ಕೇಳಲ್ಲ."

"ನಿನ್ನ ನಡತೆ... ನನಗೆ ಅಷ್ಟಾಗಿ..."

"ಗೊತ್ತಿಲ್ವಾ? ಹೋಗ್ಲಿ ಬಿಡಿ. ನಿಮ್ಮ ನಡತೆ ನನಗೆ ಗೊತ್ತಲ್ಲ, ಮಾವನೋರ ಹತ್ರ ಅದನ್ನೇ ಮಾತಾಡೋಣ," ಅಂತ ಗೂಳಪ್ಪ ಅವನ ಕಿವಿಯಲ್ಲಿ ಪಿಸುಗುಟ್ಟಿದ.

ಮುಂಗುಸಿ ಪೆನ್ನೆತ್ತಿ ಬರೆದ: 'ಈ ಉಡವನ್ನು ಚಿಕ್ಕಂದಿನಿಂದ ಬಲ್ಲೆ. ಬಲು ಸಾತ್ವಿಕ. ಚೆನ್ನಿಗಪ್ಪ, ಅಧಿಕಾರಿ.' ಎಲ್ಲಾ ಹಸಿರು ಹಸಿರು. ತಿಮ್ಮಣ್ಣನ ಕಣ್ಣು ತುಂಬಿ ಬಂತು. ಅಲ್ಲೇ ಎಲೆ ಅಡಿಕೆ ಬದಲಾಯಿಸಿದರು.

ಮದುವೆ ದಿನ ಬಂತು. ಹೆಣ್ಣು ಬಾಸಿಂಗ ಕಟ್ಟಿ ಕೂತಿದ್ದಾಳೆ. ಅಷ್ಟರಲ್ಲಿ ನವಿಲು ಸಾಕಮ್ಮ ಅಳುತ್ತಾ ಚಪ್ಪರಕ್ಕೆ ನುಗ್ಗಿದಳು. ಹಿಂದೆಯೇ ಭೀಮರಾಯರು, ಸೊಂಡಿಲಲ್ಲಿ ಅದೇ ಮುತ್ತುಗದೆಲೆ.

"ಗೂಳಪ್ಪ ಇದನ್ನು ಕಾವಲಿನವರಿಗೆ ತೋರಿಸಿ ಕೆರೆ ಏರಿಯ ನನ್ನ ಗೂಡಿಗೆ ಬಂದ. ನನ್ನ ಮೊಟ್ಟೆಗಳಲ್ಲಿ ಅರ್ಧಕ್ಕರ್ಧ ನುಂಗಿ ಗುಡ್ಡ ಹತ್ತಿ ಹೋದ," ಅಂದಳು ಸಾಕಮ್ಮ.

"ನಾನು ಹಾಕದ ಹಸಿರು ಸಹಿ ಕಾಡಿನಲ್ಲಿ ಓಡಾಡ್ತಾ ಇದೆ. 'ಚೆನ್ನಿಗಪ್ಪ, ಅಧಿಕಾರಿ' ಅಂತ ಬೇರೆ ಬರೆದಿದೆ. ನಿಜವಾಗ್ಲೂ ಯಾರದಪ್ಪಾ ಇದು?" ಅಂದರು ರಾಯರು.

ತಿಮ್ಮಣ್ಣ ಎದೆಯುಬ್ಬಿಸಿ ಎದ್ದ. "ನಮ್ಮ ಅಳಿಯಂದಿರದು ಸ್ವಾಮಿ. ನನ್ನ ಕಣ್ಣೆದುರೇ ಹಾಕಿದ್ರು."

ಚೆನ್ನಿಗಪ್ಪ ಹೌದು ಅಂದರೆ ಮೊಟ್ಟೆಗೆ ಹೊಣೆ, ಅಲ್ಲ ಅಂದರೆ ಹೆಣ್ಣಿಲ್ಲ. "ಅದು... ಶಾಯಿ ಹೇಗೆ ಇಳಿಯುತ್ತೆ ಅಂತ ನೋಡಿದೆ ಬುದ್ಧಿ, ಅಷ್ಟೇ," ಅಂದ.

"ಶಾಯಿ ನೋಡೋಕೆ ನನ್ನ ಮಕ್ಕಳೇ ಬೇಕಿತ್ತೇನೋ ನಿನಗೆ?" ಅಂದಳು ಸಾಕಮ್ಮ.

"ನೀನು ಗುಮಾಸ್ತ ಅನ್ನೋದಾದ್ರೂ ನೆನಪಿದೆಯಾ?" ಅಂದರು ರಾಯರು.

"ಗುಮಾಸ್ತನಾ?" ಅಂದ ತಿಮ್ಮಣ್ಣ. ಮಗಳ ಬಾಸಿಂಗ ಬಿಚ್ಚಿಸಿ ಕೈಹಿಡಿದು ಎಬ್ಬಿಸಿದ. ಹೆಣ್ಣಿನ ಕಡೆಯವರು ಊಟ ಮಾಡಿಕೊಂಡೇ ಹೋದರು, ಅದು ಬೇರೆ ಮಾತು.

ರಾಯರು ಮುಂಗುಸಿಯ ಕಡೆ ತಿರುಗಿದರು. "ಹಸಿರು ಸಹಿ ಹಾಕಿದ್ದೀಯಲ್ಲ, ಹೊಣೆ ಹೊರು. ಉಳಿದ ಮೊಟ್ಟೆ ಮರಿಯಾಗೋವರೆಗೂ ನೀನೇ ಕಾವಲು. ಒಂದು ಕಮ್ಮಿಯಾದ್ರೂ ನನ್ನ ಕಾಲಡಿ ನೀನು."

ಸಾಕಮ್ಮ ಕಣ್ಣೊರೆಸಿಕೊಂಡು ಮೇಯಲು ಹೋದಳು. ಚೆನ್ನಿಗಪ್ಪ ಗೂಡಿನ ಮುಂದೆ ಒಬ್ಬನೇ ಕೂತ. ಎದುರಿಗೆ ದುಂಡಗಿನ, ಬೆಚ್ಚಗಿನ ಮೊಟ್ಟೆಗಳು. ಮುಂಗುಸಿಗೆ ಮೊಟ್ಟೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕೇ? ಬಾಯಲ್ಲಿ ಊರಿದ ನೀರು ನುಂಗಿಕೊಂಡು ಮುಖ ಆಚೆ ತಿರುಗಿಸಿದ.

ನೀತಿ: ಇಲ್ಲದ ಅಧಿಕಾರವನ್ನು ಮೆರೆಸಲು ಹೋದವನು ಅದರ ಹೊಣೆಯನ್ನೂ ಹೊರಬೇಕಾಗುತ್ತದೆ.