ನೆರೆಮನೆಯ ಗುಡಿ

ಅಕ್ಟೋಬರ್ ಒಂಬತ್ತು, ಗುರುವಾರ, ಬೆಳಗಿನ ಹತ್ತೂವರೆ. ಒಸಾಕಾ ನಗರದ ಎರಡು ಎತ್ತರದ ಕಟ್ಟಡಗಳ ನಡುವಿನ ಓಣಿಗೆ ಹೊರಳಿದರೆ ರೈಲಿನ ಸದ್ದು ಹಿಂದೆ ಉಳಿಯುತ್ತದೆ, ಪುಟ್ಟದೊಂದು ಶಿಂಟೋ ಗುಡಿ ಎದುರಾಗುತ್ತದೆ. ಕೆಂಪು ಕಮಾನು, ಕರ್ಪೂರದ ಮರ, ಕಲ್ಲುಕಟ್ಟೆಯ ಬಾವಿ. ಬಾವಿಯನ್ನು ಬಳಸಿದ ಹುಲ್ಲುಹಗ್ಗದ ಎರಡು ತುದಿಗಳು ಗಂಟಿಲ್ಲದೆ ಜೋತುಬಿದ್ದಿವೆ. ದೇವರ ಮುಂದಿನ ಪರದೆ ಮಾಸಿದ ನೀಲಿ. ಹೆಸರು ತೊನಾರಿ-ನೊ-ಮಿಯಾ, ಎಂದರೆ, ನೆರೆಮನೆಯ ಗುಡಿ.

ಧಾರವಾಡದ ನಿವೃತ್ತ ಇತಿಹಾಸ ಅಧ್ಯಾಪಕಿ ಇಂದುಮತಿ ದೇಸಾಯಿಯವರು ಕೈತೊಳೆದು ಅಲ್ಲಿ ನಿಂತಾಗ ಮನಸ್ಸು ಊರಿನಲ್ಲಿತ್ತು. ಪ್ರವಾಸಕ್ಕೆ ಹೊರಡುವ ಮುನ್ನ ಮನೆದೇವರ ಪೆಟ್ಟಿಗೆಯನ್ನು ಪಕ್ಕದ ಮನೆಯ ನೀಲಗಂಗವ್ವನಿಗೆ ಒಪ್ಪಿಸಿ ಬಂದಿದ್ದರು. ಅತ್ತೆಯವರ ಕಾಲದಿಂದ ಆ ದೇವರು ಹೊಸ್ತಿಲು ದಾಟಿದ್ದಿಲ್ಲ. “ದೀಪ ಹಚ್ಚೂದು ನನಗ ಬರೂದಿಲ್ಲೇನ್ರೀ, ಬಾಯೀ? ನನ್ನ ಅಡಿಗಿ ನಿಮ್ಮ ದೇವರಿಗೆ ಸೇರತದೋ ಇಲ್ಲೋ, ಅದಷ್ಟ ಹೇಳ್ರಿ” ಎಂದು ಆಕೆ ನಕ್ಕಿದ್ದರು. ಇವರಿಗೆ ನಗು ಬಂದಿರಲಿಲ್ಲ. ಮಡಿ ಕೆಟ್ಟಿತೇ, ತಪ್ಪು ಮಾಡಿದೆನೇ ಎಂಬ ಅಳುಕು ಜೊತೆಗೇ ವಿಮಾನವೇರಿತ್ತು.

ನೀಲಿ ಪರದೆ ಏಕೆಂದು ಕೇಳಿದ್ದಕ್ಕೆ, ಅಂಗಳ ಗುಡಿಸುತ್ತಿದ್ದ ಅರ್ಚಕರ ಅಕ್ಕ ಫುಮಿಕೊ ಪೊರಕೆಯನ್ನು ಗೋಡೆಗೊರಗಿಸಿ, ನಿಧಾನವಾದ ಇಂಗ್ಲಿಷಿನಲ್ಲಿ ಹೇಳತೊಡಗಿದರು.

ಹಿಂದೆ ಒಮ್ಮೆ ಈ ಓಣಿಯ ತುಂಬ ನೀಲಿ ಬಣ್ಣ ಅದ್ದುವವರ ಮನೆಗಳಿದ್ದವಂತೆ. ಗುಡಿಯನ್ನು ಒಸೆನ್ ಎಂಬ ವಿಧವೆ ನೋಡಿಕೊಳ್ಳುತ್ತಿದ್ದಳು. ಬಾವಿಯ ನೀರು ದೇವರೊಬ್ಬನಿಗೇ ಮೀಸಲು. ಅದಕ್ಕೆ ಬಿಗಿದ ಹಗ್ಗವನ್ನು ಮುಂಜಾನೆ ಅವಳು ಮಾತ್ರ ಸರಿಸಬಹುದಿತ್ತು. ಒಂದು ಒಣಗಾಳಿಯ ದಿನ ಬೆಂಕಿ ಎರಡೂ ಕಡೆಯಿಂದ ನುಗ್ಗಿತು. ಕಾಲುವೆ ಬತ್ತಿತ್ತು. ಒಸೆನ್ ಕುಡುಗೋಲಿನಿಂದ ಹಗ್ಗವನ್ನು ಕತ್ತರಿಸಿದಳು. ಮೊದಲು ಗುಡಿಗೆ ಎರಚಿ ಎಂದು ಹಿರಿಯರು ಕೂಗಿದರೆ, “ದೇವರ ಮನೆಯಲ್ಲಿ ತೊಟ್ಟಿಲಿಲ್ಲ. ಆ ಮನೆಗಳಿಗೆ ಸುರಿಯಿರಿ” ಎಂದಳು ಎನ್ನುತ್ತಾರೆ. ಮನೆಗಳು ಉಳಿದವು. ಗುಡಿ ಸುಟ್ಟಿತು.

ದೇವರ ಸಾನ್ನಿಧ್ಯವಿರುವ ಕನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಅವಳು ಬೂದಿಯ ಪಕ್ಕ ಕುಳಿತಳು. ದೇವರನ್ನು ಬೀದಿಪಾಲು ಮಾಡಿದವಳು ತಾನೇ ಎಂದು ಅತ್ತಳು. ಆಗ ತೊಕುಬೆ ಎಂಬ ಬಣ್ಣಗಾರ ಮುಂದೆ ಬಂದು, ಮೊಣಕೈವರೆಗೆ ನೀಲಿಗಟ್ಟಿದ ಕೈಗಳನ್ನು ಹಿಂದೆ ಮರೆಮಾಡಿಕೊಂಡು ತಲೆಬಾಗಿದ.

“ನಮ್ಮಲ್ಲಿಗೆ ಬರಲಿ, ಒಸೆನ್-ಸಾನ್. ಆದರೆ ಮನೆಯೆಲ್ಲ ಬಣ್ಣದ ಹುಳಿವಾಸನೆ. ದೇವರು ಮೂಗು ಮುಚ್ಚಿಕೊಳ್ಳಬೇಕಾದೀತು.”

“ಹೊಗೆ ಕುಡಿದು ಬಂದವರು, ತೊಕುಬೆ-ಸಾನ್. ಹುಳಿಗೆ ಮುಖ ಸಿಂಡರಿಸಲಾರರು.”

ಅಂದಿನಿಂದ ಕನ್ನಡಿ ಮನೆಯಿಂದ ಮನೆಗೆ ಹೋಯಿತು. ಒಂದು ಮನೆಯಲ್ಲಿ ಬಾಣಂತಿಯ ಕೋಣೆಯ ಪಕ್ಕದಲ್ಲೂ, ಇನ್ನೊಂದರಲ್ಲಿ ಅಕ್ಕಿಯ ಮೂಟೆಯ ಮೇಲೂ ದೇವರು ತಂಗಿದರಂತೆ. ದೂರದ ಭಕ್ತರು ಬಂದು ದೇವರೆಲ್ಲಿ ಎಂದರೆ, ಯಾವ ಬಾಗಿಲು ತಟ್ಟಿದರೂ ಸಿಗುತ್ತಿದ್ದ ಉತ್ತರ ಒಂದೇ: ಪಕ್ಕದ ಮನೆಯಲ್ಲಿ. ಮುಂದೆ ಓಣಿಯವರೇ ಗುಡಿ ಕಟ್ಟಿದರು. ಅದಕ್ಕೆ ಇದ್ದ ಗಂಭೀರವಾದ ಹಳೆಯ ಹೆಸರು ಯಾರ ಬಾಯಿಗೂ ಮರಳಲಿಲ್ಲ. ತೊಕುಬೆ ತಾನೇ ಅದ್ದಿದ ಪರದೆ ತಂದ. ಹಗ್ಗಕ್ಕೆ ಒಸೆನ್ ಮತ್ತೆ ಗಂಟು ಹಾಕಲಿಲ್ಲ.

“ಅಷ್ಟು ಕಾಲ ಹೊರಗಿದ್ದ ದೇವರಿಗೆ ಮೈಲಿಗೆಯಾಗಲಿಲ್ಲವೇ?” ಎಂದು ಕೇಳಿದರು ಇಂದುಮತಿಯವರು.

ಫುಮಿಕೊ ಬಾಯಿಗೆ ಕೈ ಅಡ್ಡವಿಟ್ಟು ನಕ್ಕರು. “ಹೊರಗೆಲ್ಲಿದ್ದರು? ಊಟಕ್ಕೆ ಕರೆದವರ ಮನೆಯಲ್ಲಿದ್ದರು.”

ಹಗ್ಗವನ್ನು ವರ್ಷಕ್ಕೊಮ್ಮೆ ಹೊಸದಾಗಿ ಹೊಸೆಯುತ್ತಾರೆ; ತುದಿಗಳನ್ನು ಇಂದಿಗೂ ಕಟ್ಟುವುದಿಲ್ಲ. ಪರದೆ ಮಾಸಿದಾಗಲೆಲ್ಲ ಅದೇ ನೀಲಿಯಲ್ಲಿ ಅದ್ದುತ್ತಾರೆ. ಕಚೇರಿಗೆ ಓಡುವವರು ಕ್ಷಣ ನಿಂತು, ಬಾವಿಯ ನೀರನ್ನು ಮುಕ್ಕುಳಿಸಿ, ದೇವರೆದುರು ಎರಡು ಬಾರಿ ಚಪ್ಪಾಳೆ ತಟ್ಟಿ ಹೋಗುತ್ತಾರೆ. ಇಂದುಮತಿಯವರು ಅದೇ ನೀರನ್ನು ಕಣ್ಣಿಗೊತ್ತಿಕೊಂಡು, ನೀಲಗಂಗವ್ವನನ್ನು ನೆನೆದು ಕೈಮುಗಿದರು. ಊರು ತಲುಪಿದ ಕೂಡಲೇ ದೇವರನ್ನು ಮನೆಗೆ ತರುವುದು ಬೇಡ, ಈ ಸಲದ ದೀಪಾವಳಿ ಆಕೆಯ ಮನೆಯಲ್ಲೇ ಆಗಲಿ ಎಂದು ನಿರ್ಧರಿಸಿದರು.